ಎರಡು ರಾತ್ರಿ ನೋಡಿದರೆ ಸಿಗುವ ವೆಸ್ಟಾ

ಪ್ರಶ್ನೆ: ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ವೆಸ್ಟಾ ಎಂಬ ಕ್ಷುದ್ರಗ್ರಹ ಬರಿಗಣ್ಣಿಗೇ ಕಾಣುತ್ತದೆ ಎಂದು ಓದಿದೆ. ಮೊಬೈಲ್ ಆ್ಯಪ್ ತೋರಿಸಿದ ಕಡೆಗೆ 10×50 ಬೈನಾಕ್ಯುಲರ್ ಹಿಡಿದು ಮೂರು ರಾತ್ರಿ ನೋಡಿದೆ. ಬರೀ ನಕ್ಷತ್ರಗಳೇ ಕಂಡವು. ವೆಸ್ಟಾ ಯಾವುದು ಅಂತ ತಿಳಿಯಲೇ ಇಲ್ಲ. ಎಲ್ಲಿ ತಪ್ಪಿದೆ? ಸೆರೆಸ್ ಅದಕ್ಕಿಂತ ದೊಡ್ಡದಂತೆ, ಹಾಗಿದ್ದರೆ ಅದು ಯಾಕೆ ಬರಿಗಣ್ಣಿಗೆ ಕಾಣುವುದಿಲ್ಲ? ವೆಸ್ಟಾ ಭೂಮಿಗೆ ಹತ್ತಿರ ಬರುತ್ತದೆ ಎನ್ನುತ್ತಾರಲ್ಲ, ಅದರಿಂದ ಅಪಾಯ ಇದೆಯಾ?

ಉತ್ತರ:

ಮೊದಲೇ ಹೇಳಿಬಿಡುತ್ತೇನೆ. ನೀವು ವೆಸ್ಟಾವನ್ನು ನೋಡಿಯೇ ಇಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಆ ಮೂರು ರಾತ್ರಿಯೂ ಅದು ನಿಮ್ಮ ಬೈನಾಕ್ಯುಲರ್‌ನೊಳಗೇ ಇದ್ದಿರಬೇಕು. ನಿಮಗೆ ಕಂಡ ಚುಕ್ಕಿಗಳಲ್ಲಿ ಒಂದು ವೆಸ್ಟಾ. ಯಾವುದು ಎಂದು ಗುರುತು ಹಿಡಿಯುವುದಷ್ಟೇ ಬಾಕಿ.

ತುಂಬಾ ಜನ ಎಡವುವುದು ಇಲ್ಲೇ. ಕ್ಷುದ್ರಗ್ರಹ ಎಂದರೆ ನಮ್ಮ ಮನಸ್ಸಿಗೆ ಬರುವುದು ಗುಂಡಿಗಳಿಂದ ತುಂಬಿದ ಅಂಕುಡೊಂಕು ಬಂಡೆ. ಬಾಹ್ಯಾಕಾಶ ನೌಕೆಗಳು ಕಳಿಸಿದ ಚಿತ್ರಗಳನ್ನು ನೋಡಿ ನೋಡಿ ಹಾಗಾಗಿದೆ. ಬೈನಾಕ್ಯುಲರ್‌ನಲ್ಲೂ ಅಂಥದ್ದೇನಾದರೂ ಕಾಣಬಹುದು ಎಂದು ಕಾಯುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. ವೆಸ್ಟಾದ ಸರಾಸರಿ ವ್ಯಾಸ ಸುಮಾರು 525 ಕಿ.ಮೀ. ತೀರಾ ಹತ್ತಿರ ಬಂದಾಗಲೂ ನಮ್ಮಿಂದ ಅದರ ದೂರ ಸುಮಾರು 17 ಕೋಟಿ ಕಿ.ಮೀ. ಅಷ್ಟು ದೂರದಿಂದ ಅದು ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂದರೆ, ಹುಣ್ಣಿಮೆ ಚಂದ್ರನ ಈ ಅಂಚಿನಿಂದ ಆ ಅಂಚಿನವರೆಗೆ 2,800ರಷ್ಟು ವೆಸ್ಟಾಗಳನ್ನು ಸಾಲಾಗಿ ಇಡಬಹುದು. ಬೈನಾಕ್ಯುಲರ್ ಅದನ್ನು 10 ಪಟ್ಟು ಹಿಗ್ಗಿಸಿದರೂ ಅದರ ಆಕಾರ ನಮ್ಮ ಕಣ್ಣಿಗೆ ಸಿಗುವುದಿಲ್ಲ. ಅದು ಚುಕ್ಕಿಯಾಗಿಯೇ ಉಳಿಯುತ್ತದೆ. ಪಕ್ಕದ ನಕ್ಷತ್ರದ ಹಾಗೇ ಇನ್ನೊಂದು ಚುಕ್ಕಿ. 1802ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಇವುಗಳಿಗೆ 'ಆಸ್ಟರಾಯ್ಡ್' ಎಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ. ಆ ಪದದ ಅರ್ಥ 'ನಕ್ಷತ್ರದ ಹಾಗಿರುವುದು' ಎಂದು.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ರೂಪ ನೋಡಿ ಆಗುವುದಿಲ್ಲ, ನಡೆ ನೋಡಿ ಹಿಡಿಯಬೇಕು. ನಕ್ಷತ್ರಗಳು ಒಂದಕ್ಕೊಂದು ಇರುವ ಜಾಗ ಬಿಟ್ಟು ಕದಲುವುದಿಲ್ಲ. ವೆಸ್ಟಾ ಕದಲುತ್ತದೆ. ಅದು ಚೆನ್ನಾಗಿ ಕಾಣುವ ದಿನಗಳಲ್ಲಿ ದಿನಕ್ಕೆ ಸುಮಾರು ಕಾಲು ಡಿಗ್ರಿ ಸರಿಯುತ್ತದೆ. ಅಂದರೆ ಎರಡು ದಿನಕ್ಕೆ ಚಂದ್ರನ ಅಗಲದಷ್ಟು. ಬೈನಾಕ್ಯುಲರ್‌ನಲ್ಲಿ ಇದು ಸ್ಪಷ್ಟವಾಗಿ ತಿಳಿಯುವ ದೂರ. ಆದರೆ ಒಂದೇ ರಾತ್ರಿ ನೋಡಿದರೆ ತಿಳಿಯುವುದಿಲ್ಲ. ಮೂರು ರಾತ್ರಿ ನೋಡಿದರೂ, ಮೊದಲ ರಾತ್ರಿ ಯಾವ ಚುಕ್ಕಿ ಎಲ್ಲಿತ್ತು ಎಂದು ಬರೆದಿಟ್ಟುಕೊಳ್ಳದಿದ್ದರೆ ತಿಳಿಯುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಕಾಗದ, ಪೆನ್ಸಿಲ್‌ಗಳ ಮಾತೇ ಇಲ್ಲ. ತಪ್ಪಿದ್ದು ಅಲ್ಲೇ ಎಂದು ನನ್ನ ಊಹೆ.

ವೆಸ್ಟಾ ಮೊದಲು ಸಿಕ್ಕಿದ್ದೂ ಹೀಗೇ. ಜರ್ಮನಿಯ ಬ್ರೆಮೆನ್ ನಗರದಲ್ಲಿ ಹೈನ್ರಿಶ್ ಓಲ್ಬರ್ಸ್ ಎಂಬ ವೈದ್ಯರಿದ್ದರು. ಹಗಲು ರೋಗಿಗಳನ್ನು ನೋಡುವುದು, ರಾತ್ರಿ ತಮ್ಮ ಮನೆಯ ಮೇಲಂತಸ್ತಿನಿಂದ ಆಕಾಶ ನೋಡುವುದು. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಟ್ಸಿ ಅವರಿಗೆ ಸೆರೆಸ್ ಸಿಕ್ಕಿತ್ತು. 1802ರಲ್ಲಿ ಓಲ್ಬರ್ಸ್ ಅವರಿಗೇ ಪಲ್ಲಾಸ್ ಎಂಬ ಇನ್ನೊಂದು ಕ್ಷುದ್ರಗ್ರಹ ಸಿಕ್ಕಿತು. 1804ರಲ್ಲಿ ಹಾರ್ಡಿಂಗ್ ಅವರಿಗೆ ಜುನೋ ಸಿಕ್ಕಿತು. ಯಾವುದೋ ಒಂದು ದೊಡ್ಡ ಗ್ರಹ ಒಡೆದು ಇವೆಲ್ಲ ಚೂರುಗಳಾಗಿವೆ ಎಂದು ಓಲ್ಬರ್ಸ್ ಭಾವಿಸಿದರು. ಹಾಗಿದ್ದರೆ ಎಲ್ಲ ಚೂರುಗಳ ದಾರಿಯೂ ಒಡೆದ ಜಾಗದ ಮೂಲಕ ಮತ್ತೆ ಮತ್ತೆ ಹಾಯಬೇಕು ಅಲ್ವಾ? ಅಂಥ ಜಾಗ ಕನ್ಯಾ ರಾಶಿಯ ಕಡೆ ಮತ್ತು ತಿಮಿಂಗಿಲ ನಕ್ಷತ್ರಪುಂಜದ ಕಡೆ ಇದೆ ಎಂದು ಲೆಕ್ಕ ಹಾಕಿ, ಆ ಭಾಗದ ಆಕಾಶವನ್ನು ಬಿಡದೆ ಗಮನಿಸುತ್ತಾ ಹೋದರು. ಅಲ್ಲಿನ ಚುಕ್ಕಿಗಳ ಪರಿಚಯ ಅವರಿಗೆ ಎಷ್ಟಿತ್ತು ಎಂದರೆ, 1807ರ ಮಾರ್ಚ್ 29ರ ರಾತ್ರಿ ಕನ್ಯಾ ರಾಶಿಯಲ್ಲಿ ಒಂದು ಹೊಸ ಚುಕ್ಕಿ ಬಂದಾಗ ಅದು ಅವರ ಕಣ್ಣಿಗೆ ಬಿತ್ತು. ಅದೇ ವೆಸ್ಟಾ. ಹೆಸರಿಡುವ ಅವಕಾಶವನ್ನು ಅವರು ಗಣಿತಜ್ಞ ಗೌಸ್ ಅವರಿಗೆ ಬಿಟ್ಟುಕೊಟ್ಟರು. ಗೌಸ್ ಆರಿಸಿದ್ದು ರೋಮನ್ನರ ಒಲೆಯ ದೇವತೆಯ ಹೆಸರನ್ನು.

ಗ್ರಹ ಒಡೆದ ಕತೆ ನಿಜವಲ್ಲ ಎಂದು ಆಮೇಲೆ ಗೊತ್ತಾಯಿತು. ಮಂಗಳ, ಗುರುಗಳ ನಡುವೆ ಸುತ್ತುವ ಕ್ಷುದ್ರಗ್ರಹಗಳ ಇಡೀ ಪಟ್ಟಿಯನ್ನು (ಇದೇ ಮುಖ್ಯ ಪಟ್ಟಿ) ಒಟ್ಟು ಸೇರಿಸಿದರೂ ನಮ್ಮ ಚಂದ್ರನ ತೂಕದ ಶೇ. 3ರಷ್ಟೇ ಆಗುತ್ತದೆ. ಅದರಿಂದ ಗ್ರಹ ಕಟ್ಟಲಾಗದು. ಊಹೆ ತಪ್ಪಾಗಿತ್ತು, ಆದರೆ ನೋಡಿದ ರೀತಿ ಸರಿಯಾಗಿತ್ತು. ಅದಾದ ಮೇಲೆ 38 ವರ್ಷ ಯಾರಿಗೂ ಹೊಸ ಕ್ಷುದ್ರಗ್ರಹ ಸಿಗಲಿಲ್ಲ. 1845ರಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾಗಿದ್ದ ಕಾರ್ಲ್ ಹೆಂಕೆ ಅವರಿಗೆ ಅಸ್ಟ್ರೇಯಾ ಎಂಬ ಕ್ಷುದ್ರಗ್ರಹ ಸಿಕ್ಕಿತು. ಅದೂ ಸುಮಾರು 15 ವರ್ಷ ನಕ್ಷೆಗೂ ಆಕಾಶಕ್ಕೂ ತಾಳೆ ನೋಡಿದ ಮೇಲೆ. ಈ ಹೆಂಕೆ ಅವರ ಬಗ್ಗೆ ನನಗೆ ವಿಶೇಷ ಗೌರವ. ಹದಿನೈದು ವರ್ಷ ಏನೂ ಸಿಗದೆ ನೋಡುತ್ತಾ ಇರುವುದು ಸುಮ್ನೆ ಮಾತಲ್ಲ. ನಿಮಗೆ ಅಷ್ಟು ಕಾಯುವ ಕೆಲಸವಿಲ್ಲ, ವೆಸ್ಟಾ ಇರುವ ಜಾಗ ಮೊದಲೇ ಗೊತ್ತಿದೆ.

ಈಗ ಬರಿಗಣ್ಣಿನ ವಿಷಯ. ಆಕಾಶಕಾಯಗಳ ಹೊಳಪನ್ನು ಕಾಂತಿಮಾನ ಎಂಬ ಅಳತೆಯಲ್ಲಿ ಹೇಳುತ್ತೇವೆ. ಸಂಖ್ಯೆ ಜಾಸ್ತಿಯಾದಷ್ಟೂ ಹೊಳಪು ಕಡಿಮೆ. ಒಂದು ಮೆಟ್ಟಿಲಿಗೆ ಹೊಳಪು ಸುಮಾರು ಎರಡೂವರೆ ಪಟ್ಟು ಬದಲಾಗುತ್ತದೆ, ಐದು ಮೆಟ್ಟಿಲಿಗೆ 100 ಪಟ್ಟು. ಒಳ್ಳೆಯ ಕತ್ತಲಲ್ಲಿ, ಒಳ್ಳೆಯ ಕಣ್ಣಿಗೆ 6ರಿಂದ 6.5ರವರೆಗಿನ ನಕ್ಷತ್ರಗಳು ಕಾಣುತ್ತವೆ. ವೆಸ್ಟಾ ತನ್ನ ಅತ್ಯುತ್ತಮ ದಿನಗಳಲ್ಲಿ 5.3ರ ಆಸುಪಾಸಿಗೆ ಬರುತ್ತದೆ. ಹಾಗಾಗಿ ಬರಿಗಣ್ಣಿಗೆ ಕಾಣುತ್ತದೆ ಎನ್ನುವುದು ನಿಜ. ಆದರೆ ಯಾವಾಗಲೂ ಅಲ್ಲ, ಎಲ್ಲಿಂದ ನೋಡಿದರೂ ಅಲ್ಲ. ಬೀದಿದೀಪಗಳ ಬೆಳಕು ತುಂಬಿದ ಊರಿನಲ್ಲಿ 4ನೇ ಕಾಂತಿಮಾನದ ನಕ್ಷತ್ರ ಕಂಡರೇ ಹೆಚ್ಚು. ಅಲ್ಲಿ ಬರಿಗಣ್ಣಿನ ಆಸೆ ಬಿಟ್ಟು ಬೈನಾಕ್ಯುಲರ್ ಹಿಡಿಯುವುದೇ ಸರಿ.

ನಾನು ಬರಿಗಣ್ಣಿನಿಂದ ವೆಸ್ಟಾ ನೋಡಿದ್ದು 2018ರ ಜೂನ್‌ನಲ್ಲಿ. ಆ ವರ್ಷ ಜೂನ್ 19ಕ್ಕೆ ಅದು ಸೂರ್ಯನ ನೇರ ಎದುರಿಗೆ ಬರುವುದಿತ್ತು. ಜೂನ್ 13 ಅಮಾವಾಸ್ಯೆ. ಆ ಆಸುಪಾಸಿನ ಕತ್ತಲ ರಾತ್ರಿಗಳಲ್ಲಿ ದೀಪಗಳಿಂದ ದೂರ ಹೋಗಿ ಕೂತೆ. ಧನು ರಾಶಿಯಲ್ಲಿ ಶನಿಯೂ ಇದ್ದ. ಮೊದಲು ಬೈನಾಕ್ಯುಲರ್‌ನಲ್ಲಿ ವೆಸ್ಟಾ ಹಿಡಿದು, ಸುತ್ತಲ ನಕ್ಷತ್ರಗಳ ಗುರುತು ಇಟ್ಟುಕೊಂಡೆ. ಆಮೇಲೆ ಬೈನಾಕ್ಯುಲರ್ ಕೆಳಗಿಟ್ಟು ಅರ್ಧ ಗಂಟೆ ಸುಮ್ಮನೆ ಕೂತೆ. ನೆಟ್ಟಗೆ ನೋಡಿದರೆ ಮಾಯವಾಗುತ್ತಿತ್ತು. ಸ್ವಲ್ಪ ಪಕ್ಕಕ್ಕೆ ಕಣ್ಣು ಸರಿಸಿ ಓರೆಗಣ್ಣಿನಲ್ಲಿ ನೋಡಿದರೆ ಮೆಲ್ಲಗೆ ಬರುತ್ತಿತ್ತು. ಮಂದ ಬೆಳಕನ್ನು ಹಿಡಿಯುವ ಜೀವಕೋಶಗಳು ಕಣ್ಣಿನ ನಡುಮಧ್ಯದಲ್ಲಿಲ್ಲ, ಅದರ ಸುತ್ತ ಇವೆ. ಅದಕ್ಕೇ ಹೀಗೆ. ಆ ಬೆಳಕು ಸೂರ್ಯನಿಂದ ಹೊರಟು, ವೆಸ್ಟಾದ ಕಲ್ಲಿಗೆ ಬಡಿದು, ಅಲ್ಲಿಂದ ಒಂಬತ್ತೂವರೆ ನಿಮಿಷ ಸಾಗಿ ನನ್ನ ಕಣ್ಣಿಗೆ ಬಂದಿತ್ತು. ನಡುವೆ ಗಾಜಿನ ಒಂದು ತುಂಡೂ ಇರಲಿಲ್ಲ. ಆ ರಾತ್ರಿ ಆದ ಸಂತೋಷ ಈಗಲೂ ನೆನಪಿದೆ.

ಸೆರೆಸ್ ಯಾಕೆ ಕಾಣುವುದಿಲ್ಲ ಎಂಬ ನಿಮ್ಮ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಸೆರೆಸ್‌ನ ವ್ಯಾಸ ಸುಮಾರು 940 ಕಿ.ಮೀ. ಬಿಸಿಲು ಬೀಳುವ ಅದರ ಮುಖ ವೆಸ್ಟಾದ ಮುಖಕ್ಕಿಂತ ಮೂರು ಪಟ್ಟಿಗೂ ದೊಡ್ಡದು. ಆದರೂ ವೆಸ್ಟಾವೇ ಗೆಲ್ಲುತ್ತದೆ. ಸೆರೆಸ್‌ನ ಮೈ ಇದ್ದಿಲಿನಂತೆ ಕಪ್ಪು. ಬಿದ್ದ ಬೆಳಕಿನಲ್ಲಿ ನೂರಕ್ಕೆ 9ರಷ್ಟನ್ನು ಮಾತ್ರ ತಿರುಗಿಸಿ ಕಳಿಸುತ್ತದೆ. ವೆಸ್ಟಾ 42ರಷ್ಟನ್ನು ಕಳಿಸುತ್ತದೆ. ನಮಗೆ ಬೆಳ್ಳಗೆ ಕಾಣುವ ಚಂದ್ರ ಕಳಿಸುವುದೂ 12ರ ಆಸುಪಾಸು ಅಷ್ಟೆ. ಜೊತೆಗೆ ದೂರದ ಲೆಕ್ಕ ಸೇರಿಸಿ. ಸೂರ್ಯನಿಂದ ಭೂಮಿಗಿರುವ ದೂರವನ್ನು 1 ಎಂದರೆ, ವೆಸ್ಟಾ ಸರಾಸರಿ 2.36ರಲ್ಲಿದೆ, ಸೆರೆಸ್ 2.77ರಲ್ಲಿದೆ. ವ್ಯತ್ಯಾಸ ಚಿಕ್ಕದು ಅನ್ನಿಸಬಹುದು. ಆದರೆ ಇಲ್ಲಿ ದೂರ ಎರಡು ಸಲ ಪೆಟ್ಟು ಕೊಡುತ್ತದೆ. ಸೂರ್ಯನ ಬೆಳಕು ಅಲ್ಲಿಗೆ ಹೋಗುವಾಗ ಒಮ್ಮೆ ಮಂಕಾಗುತ್ತದೆ, ಅಲ್ಲಿಂದ ನಮ್ಮ ಕಡೆ ಬರುವಾಗ ಇನ್ನೊಮ್ಮೆ. ಎಲ್ಲವನ್ನೂ ಕೂಡಿಸಿ ಕಳೆದರೆ ಸಾಮಾನ್ಯವಾಗಿ ವೆಸ್ಟಾ ಸೆರೆಸ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಹೊಳೆಯುತ್ತದೆ. ಸೆರೆಸ್ ಎಷ್ಟೇ ಹತ್ತಿರ ಬಂದರೂ 6.7ರ ಹತ್ತಿರ ನಿಂತುಬಿಡುತ್ತದೆ. ಬರಿಗಣ್ಣಿನ ಹೊಸ್ತಿಲಿನಿಂದ ಕೂದಲೆಳೆಯಷ್ಟು ಹೊರಗೆ.

ವೆಸ್ಟಾ ಮಾತ್ರ ಯಾಕೆ ಇಷ್ಟು ಬೆಳ್ಳಗೆ? ಉತ್ತರ ಅದರ ಹುಟ್ಟಿನಲ್ಲಿದೆ. ಸೌರಮಂಡಲ ರೂಪುಗೊಂಡ ಮೊದಲ ಕೆಲವು ದಶಲಕ್ಷ ವರ್ಷಗಳಲ್ಲೇ ವೆಸ್ಟಾ ಬೆಳೆದಿತ್ತು. ಆಗ ಕಲ್ಲುಗಳಲ್ಲಿ ವಿಕಿರಣ ಸೂಸುವ ಒಂದು ಬಗೆಯ ಅಲ್ಯೂಮಿನಿಯಂ ಇನ್ನೂ ಉಳಿದಿತ್ತು. ಅದರ ಬಿಸಿಗೆ ವೆಸ್ಟಾದ ಒಳಗೆಲ್ಲ ಕರಗಿತು. ಭಾರದ ಕಬ್ಬಿಣ ಕೆಳಗಿಳಿದು ತಿರುಳಾಯಿತು. ಹಗುರ ಶಿಲಾರಸ ಮೇಲೆ ಬಂದು ತಣಿದು ಬಸಾಲ್ಟ್ ಎಂಬ ಕಲ್ಲಿನ ಹೊದಿಕೆಯಾಯಿತು. ಭೂಮಿಯಲ್ಲಿ ಆದ ಹಾಗೇ, ಚಿಕ್ಕ ಪ್ರಮಾಣದಲ್ಲಿ. ಭೂಮಿಯ ಬಸಾಲ್ಟ್ ಕಪ್ಪಗಿರುತ್ತದೆ, ನಿಜ. ವೆಸ್ಟಾದ ಬಸಾಲ್ಟ್ ತಿಳಿ ಬೂದು ಬಣ್ಣದ್ದು. ಹೀಗಾಗಿ ಅದು ಬರೀ ಬಂಡೆಯಲ್ಲ, ಗ್ರಹವಾಗುವ ದಾರಿಯಲ್ಲಿ ನಿಂತುಹೋದ ಲೋಕ. ಓಲ್ಬರ್ಸ್ ಒಡೆದ ಗ್ರಹದ ಚೂರನ್ನು ಹುಡುಕಿದರು, ಸಿಕ್ಕಿದ್ದು ಒಡೆಯದೆ ಉಳಿದ ಎಳೆಯ ಗ್ರಹ.

ಇದನ್ನೆಲ್ಲ ಹೇಗೆ ತಿಳಿದರು ಎನ್ನುವುದು ಇನ್ನೂ ಚೆಂದದ ಕತೆ. 1970ರಲ್ಲಿ ಥಾಮಸ್ ಮೆಕಾರ್ಡ್ ಮತ್ತು ಜೊತೆಗಾರರು ವೆಸ್ಟಾದ ಬೆಳಕಿನ ರೋಹಿತವನ್ನು, ಅಂದರೆ ಅದರಲ್ಲಿ ಯಾವ ಬಣ್ಣ ಎಷ್ಟಿದೆ ಎಂಬುದನ್ನು, ಅಳೆದರು. ಅದು ಯುಕ್ರೈಟ್ ಎಂಬ ಉಲ್ಕಾಶಿಲೆಯ ರೋಹಿತಕ್ಕೆ ತಾಳೆಯಾಯಿತು. ಆಕಾಶದಲ್ಲಿನ ಒಂದು ಚುಕ್ಕಿಗೂ ಕೈಯಲ್ಲಿ ಹಿಡಿಯಬಹುದಾದ ಕಲ್ಲಿಗೂ ನಂಟು ಬೆಳೆದದ್ದು ಹೀಗೆ. ಆಮೇಲೆ 1990ರ ದಶಕದಲ್ಲಿ ಹಬಲ್ ದೂರದರ್ಶಕ ವೆಸ್ಟಾದ ದಕ್ಷಿಣದಲ್ಲಿ ಒಂದು ಭಾರಿ ಕುಳಿಯನ್ನು ತೋರಿಸಿತು. 2011ರ ಜುಲೈನಲ್ಲಿ ನಾಸಾದ ಡಾನ್ ನೌಕೆ ಅಲ್ಲಿಗೆ ತಲುಪಿ, ಒಂದು ವರ್ಷಕ್ಕೂ ಮೇಲೆ ಸುತ್ತು ಹಾಕಿತು. ಆ ಕುಳಿಯ ಹೆಸರು ರಿಯಾಸಿಲ್ವಿಯಾ. ಅಗಲ ಸುಮಾರು 500 ಕಿ.ಮೀ., ಅಂದರೆ ಹೆಚ್ಚುಕಡಿಮೆ ವೆಸ್ಟಾದ ಅಗಲದಷ್ಟೇ. ಅದರ ನಡುವೆ 20 ಕಿ.ಮೀ.ಗೂ ಎತ್ತರದ ಶಿಖರವಿದೆ. ಎವರೆಸ್ಟ್‌ನ ಎರಡು ಪಟ್ಟಿಗೂ ಜಾಸ್ತಿ. ಸುಮಾರು 100 ಕೋಟಿ ವರ್ಷಗಳ ಹಿಂದೆ ಬಿದ್ದ ಆ ಪೆಟ್ಟಿಗೆ ಎಷ್ಟೋ ಚೂರುಗಳು ಹಾರಿದವು. ಅವುಗಳಲ್ಲಿ ಕೆಲವು ಅಲೆದಲೆದು ಭೂಮಿಗೆ ಬಿದ್ದಿವೆ, ಈಗಲೂ ಬೀಳುತ್ತವೆ. ಬೀಳುವುದನ್ನು ಕಂಡು ಹೆಕ್ಕಿದ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಐದಾರು ಈ ಕುಲದವು. ಯಾವುದಾದರೂ ಸಂಗ್ರಹಾಲಯದಲ್ಲಿ ಯುಕ್ರೈಟ್ ಎಂಬ ಚೀಟಿ ಕಂಡರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹೊರಗೆ ಕಪ್ಪು ಮಿರುಗುವ ಸಿಪ್ಪೆ, ಮುರಿದ ಕಡೆ ತಿಳಿ ಬೂದು. ನಿಮ್ಮ ಬೈನಾಕ್ಯುಲರ್‌ನ ಚುಕ್ಕಿಗೆ ಹೊಳಪು ಕೊಡುವುದು ಆ ಬೂದು ಬಣ್ಣವೇ.

ಯಾವಾಗ ನೋಡಬೇಕು? ಸೂರ್ಯ ಒಂದು ಕಡೆ, ವೆಸ್ಟಾ ಅದರ ಎದುರು ಕಡೆ, ನಡುವೆ ಭೂಮಿ ಇರುವ ಸಂದರ್ಭಕ್ಕೆ ವಿಯುತಿ ಎನ್ನುತ್ತಾರೆ. ಆಗ ವೆಸ್ಟಾ ಸೂರ್ಯ ಮುಳುಗುವಾಗ ಹುಟ್ಟಿ, ನಡುರಾತ್ರಿಗೆ ಮೇಲೇರಿ, ಬೆಳಗಾಗುವಾಗ ಮುಳುಗುತ್ತದೆ. ನಮಗೆ ಹತ್ತಿರವೂ ಇರುತ್ತದೆ. ಸುಮಾರು ಹದಿನಾರೂವರೆ ತಿಂಗಳಿಗೊಮ್ಮೆ ವಿಯುತಿ ಬರುತ್ತದೆ. ಆದರೆ ಎಲ್ಲ ವಿಯುತಿಯೂ ಒಂದೇ ಅಲ್ಲ. ವೆಸ್ಟಾದ ದಾರಿ ಪೂರ್ತಿ ದುಂಡಗಿಲ್ಲ. ಸೂರ್ಯನಿಂದ ಭೂಮಿಗಿರುವ ದೂರ 1 ಎಂದರೆ, ಸೂರ್ಯನಿಗೆ ಹತ್ತಿರವಿದ್ದಾಗ ಅದರ ದೂರ 2.15, ದೂರವಿದ್ದಾಗ 2.57. ಹತ್ತಿರದ ತುದಿಯಲ್ಲಿ ವಿಯುತಿ ಬಂದರೆ ಕಾಂತಿಮಾನ 5.3, ದೂರದ ತುದಿಯಲ್ಲಿ ಬಂದರೆ 6.5. ಮೇ ಕೊನೆಯಿಂದ ಜೂನ್‌ವರೆಗಿನ ವಿಯುತಿಗಳು ಒಳ್ಳೆಯವು. ನವೆಂಬರ್, ಡಿಸೆಂಬರ್‌ನವು ಮಂಕು. ಒಳ್ಳೆಯ ವಿಯುತಿ ಸುಮಾರು 11 ವರ್ಷಕ್ಕೊಮ್ಮೆ ಮರಳುತ್ತದೆ. 2007, 2018 ಅಂಥವು. 2029ರ ಮಧ್ಯಭಾಗದ್ದೂ ಚೆನ್ನಾಗಿರುತ್ತದೆ. 2026ರ ಅಕ್ಟೋಬರ್‌ನ ವಿಯುತಿಗೆ ಬೈನಾಕ್ಯುಲರ್ ಇಟ್ಟುಕೊಳ್ಳಿ, ಆಗ ಹೊಳಪು 6.3ರ ಆಸುಪಾಸು. ಸೂರ್ಯನ ಆಚೆ ಬದಿಗೆ ಹೋದಾಗ ವೆಸ್ಟಾ 8ರ ಆಚೆಗೂ ಮಂಕಾಗುತ್ತದೆ. ಆ ತಿಂಗಳುಗಳಲ್ಲಿ ಹುಡುಕಿ ಬೇಸರ ಪಡಬೇಡಿ.

ಅಪಾಯದ ಬಗ್ಗೆ ಒಂದೇ ಮಾತು: ಇಲ್ಲ. ವೆಸ್ಟಾ 'ಹತ್ತಿರ' ಬರುವುದು ಎಂದರೆ ಚಂದ್ರನ ದೂರದ 440 ಪಟ್ಟು. ಅದರ ದಾರಿ ಭೂಮಿಯ ದಾರಿಯ ಬಳಿಗೂ ಬರುವುದಿಲ್ಲ. ನಿಜವಾಗಿ ಹತ್ತಿರ ಬರುವವು ಬೇರೆ ಕುಲದವು. 2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಅದು ಮುಖ್ಯ ಪಟ್ಟಿಯದ್ದಲ್ಲ, ಡಿಕ್ಕಿ ಹೊಡೆಯುವುದೂ ಇಲ್ಲ.

ಇನ್ನು ನಿಮ್ಮ ಬೈನಾಕ್ಯುಲರ್. 10×50 ಧಾರಾಳ ಸಾಕು, ಟೆಲಿಸ್ಕೋಪ್ ಕೊಳ್ಳಬೇಡಿ. ಚಂದ್ರ ಇಲ್ಲದ ರಾತ್ರಿ ಆರಿಸಿ. ಸ್ಟೆಲ್ಲೇರಿಯಂನಂಥ ಆ್ಯಪ್‌ನಲ್ಲಿ ಮೊದಲು ದಿನಾಂಕ, ಹೊತ್ತು ಸರಿ ಇದೆಯೇ ನೋಡಿ. ಕ್ಷುದ್ರಗ್ರಹಗಳ ಮಾಹಿತಿ ಇತ್ತೀಚಿನದೇ ಎಂದೂ ನೋಡಿ. ಹಳೆಯ ಮಾಹಿತಿಯಿದ್ದರೆ ಆ್ಯಪ್ ತೋರಿಸುವ ಜಾಗವೇ ಪಕ್ಕಕ್ಕೆ ಸರಿದಿರುತ್ತದೆ. ವೆಸ್ಟಾ ಹತ್ತಿರದ ಒಂದು ಪ್ರಕಾಶದ ನಕ್ಷತ್ರವನ್ನು ಹಿಡಿಯಿರಿ. ಅಲ್ಲಿಂದ ಚುಕ್ಕಿಯಿಂದ ಚುಕ್ಕಿಗೆ ಹೆಜ್ಜೆ ಹಾಕಿ ಜಾಗಕ್ಕೆ ಬನ್ನಿ. ಬೈನಾಕ್ಯುಲರ್ ಕೈಯಲ್ಲಿ ನಡುಗುತ್ತಿದ್ದರೆ ಮಂದ ಚುಕ್ಕಿಗಳು ಅಳಿಸಿಹೋಗುತ್ತವೆ. ಸ್ಟ್ಯಾಂಡ್‌ಗೆ ಸಿಕ್ಕಿಸಿ, ಇಲ್ಲವೇ ಮೊಣಕೈಗಳನ್ನು ಗೋಡೆಗೋ ಕುರ್ಚಿಯ ತೋಳಿಗೋ ಊರಿ.

ಆಮೇಲೆ ಕಾಗದದ ಮೇಲೆ ಒಂದು ವೃತ್ತ ಬರೆಯಿರಿ. ಕಂಡ ಎಂಟು ಹತ್ತು ಚುಕ್ಕಿಗಳನ್ನು ಅದರೊಳಗೆ ಇಡಿ. ಹೊಳಪು ಹೆಚ್ಚಿದ್ದಕ್ಕೆ ದೊಡ್ಡ ಚುಕ್ಕಿ, ಕಡಿಮೆಯಿದ್ದಕ್ಕೆ ಚಿಕ್ಕದು. ಚಿತ್ರ ಚೆಂದ ಬರಬೇಕಿಲ್ಲ. ಯಾವ ಮೂರು ಚುಕ್ಕಿ ತ್ರಿಕೋನ ಆಗುತ್ತವೆ, ಯಾವುವು ಒಂದೇ ಗೆರೆಯಲ್ಲಿವೆ, ಅದು ಸರಿ ಬಂದರೆ ಸಾಕು. ಆ್ಯಪ್ ನೋಡಿ 'ಇದೇ ವೆಸ್ಟಾ' ಎಂದು ಆಗಲೇ ಗುರುತು ಹಾಕಬೇಡಿ. ಹಾಗೆ ಮಾಡಿದರೆ ಮರುದಿನ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ. ಕೆಳಗೆ ದಿನಾಂಕ, ಹೊತ್ತು ಬರೆದಿಡಿ.

ಒಂದು ರಾತ್ರಿ ಬಿಟ್ಟು ಮತ್ತೆ ಅದೇ ಜಾಗಕ್ಕೆ ಹೋಗಿ, ಹಳೆಯ ಕಾಗದ ನೋಡದೆ ಹೊಸದಾಗಿ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ವಿಯುತಿಯ ಆಸುಪಾಸಿನ ದಿನಗಳಾದರೆ ಒಂದು ಚುಕ್ಕಿ ಪಶ್ಚಿಮದ ಕಡೆಗೆ ಸರಿದಿರುತ್ತದೆ. ವೇಗವಾಗಿ ಓಡುವ ಭೂಮಿ ವೆಸ್ಟಾವನ್ನು ಹಿಂದಿಕ್ಕುವಾಗ ಅದು ಹಿಂದೆ ಹೋದಂತೆ ಕಾಣುತ್ತದೆ. ವಿಯುತಿಗೆ ಒಂದೂವರೆ ತಿಂಗಳು ಮುಂಚೆ ಮತ್ತು ಒಂದೂವರೆ ತಿಂಗಳ ನಂತರ ಅದು ತಿರುವು ತೆಗೆದುಕೊಳ್ಳುವಾಗ ಕೆಲವು ದಿನ ನಿಂತಲ್ಲೇ ನಿಂತಂತಿರುತ್ತದೆ. ಆ ದಿನಗಳನ್ನು ಬಿಟ್ಟುಬಿಡಿ.

ಎರಡನೇ ಸಲ ಹೋಗುವ ಹೊತ್ತಿಗೆ ಮೋಡ ಬಂದು ಒಂದು ವಾರ ಆಕಾಶವೇ ಕಾಣಲಿಲ್ಲ ಎನ್ನಿ. ಆಗಲೂ ಆ ಕಾಗದ ಎಸೆಯಬೇಡಿ. ವಾರದ ಮೇಲೆ ವೆಸ್ಟಾ ಎಲ್ಲಿಗೋ ಹೋಗಿರುತ್ತದೆ, ಹೊಸ ಜಾಗದಲ್ಲಿ ಅದು ಸಿಗದೇ ಹೋಗಬಹುದು. ಹಳೆಯ ಜಾಗಕ್ಕೇ ಹೋಗಿ, ನೀವು ಬರೆದ ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಹತ್ತು ಇದ್ದಲ್ಲಿ ಒಂಬತ್ತೇ ಸಿಕ್ಕರೆ, ಈಗ ಖಾಲಿಯಾಗಿರುವ ಆ ಜಾಗದಲ್ಲಿ ಅವತ್ತು ನಿಮಗೆ ಕಂಡದ್ದು ವೆಸ್ಟಾವೇ.